ಆ್ಯಕ್ಷನ್ ಅರ್ಧಕ್ಕೆ ನಿಂತರೆ, ಪ್ರಿಸೆಟ್ ಹಸಿರು ನುಂಗಿದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ತಿಂಗಳ ಪತ್ರಗಳಲ್ಲಿ ಬಹುಪಾಲು ಫೋಟೋಶಾಪ್‌ನ ಆ್ಯಕ್ಷನ್ ಮತ್ತು ಲೈಟ್‌ರೂಮ್‌ನ ಪ್ರಿಸೆಟ್‌ಗಳ ಬಗ್ಗೆಯೇ ಇವೆ. ಎರಡೂ ಫೋಟೋ ತಿದ್ದುವ ಸಾಫ್ಟ್‌ವೇರ್‌ಗಳು. ಆ್ಯಕ್ಷನ್ ಎಂದರೆ ಒಮ್ಮೆ ರೆಕಾರ್ಡ್ ಮಾಡಿ ಮತ್ತೆ ಮತ್ತೆ ಓಡಿಸುವ ಹೆಜ್ಜೆಗಳ ಸಾಲು, ಪ್ರಿಸೆಟ್ ಎಂದರೆ ಒಂದೇ ಒತ್ತಿಗೆ ಹಾಕಲು ಉಳಿಸಿಟ್ಟ ಬಣ್ಣ-ಬೆಳಕಿನ ಹೊಂದಿಕೆಗಳು. ಕೆಳಗೆ ಬರುವ ಮೆನು ಹೆಸರುಗಳು ಇಂಗ್ಲಿಷ್ ಆವೃತ್ತಿಯವು, ಕೀಲಿಗಳು ವಿಂಡೋಸ್‌ನವು.

ಪ್ರಶ್ನೆ: ನೆಟ್‌ನಿಂದ ಇಳಿಸಿದ ಮದುವೆ ಆ್ಯಕ್ಷನ್ ಸ್ನೇಹಿತರ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುತ್ತದೆ. ನಮ್ಮಲ್ಲಿ ‘ಲೇಯರ್ ಬ್ಯಾಕ್‌ಗ್ರೌಂಡ್ ಈಸ್ ನಾಟ್ ಕರೆಂಟ್ಲಿ ಅವೈಲಬಲ್’ ಎಂದು ಅರ್ಧಕ್ಕೇ ನಿಲ್ಲುತ್ತದೆ. ಫೈಲೇ ಕೆಟ್ಟಿದೆಯೇ? (ತೀರ್ಥಹಳ್ಳಿ)

ಫೈಲ್ ಚೆನ್ನಾಗಿಯೇ ಇದೆ. ಆ್ಯಕ್ಷನ್ ರೆಕಾರ್ಡ್ ಮಾಡುವಾಗ ಲೇಯರ್ (ಒಂದರ ಮೇಲೊಂದು ಜೋಡಿಸುವ ಪದರ) ಮೇಲೆ ಮೌಸ್‌ನಿಂದ ಕ್ಲಿಕ್ ಮಾಡಿದರೆ ಫೋಟೋಶಾಪ್ ಆ ಲೇಯರಿನ ಹೆಸರನ್ನು ಬರೆದಿಟ್ಟುಕೊಳ್ಳುತ್ತದೆ. ಓಡಿಸುವಾಗ ಅದೇ ಹೆಸರಿನ ಲೇಯರ್ ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ. ನಿಮ್ಮ ಫೋಟೋ ಲೈಟ್‌ರೂಮ್‌ನಿಂದ ಸ್ಮಾರ್ಟ್ ಆಬ್ಜೆಕ್ಟ್ (ಮೂಲ ಫೈಲನ್ನು ಒಳಗಿಟ್ಟುಕೊಂಡ ಲೇಯರ್) ಆಗಿ ಬಂದಿದ್ದರೆ, ಅಥವಾ ಯಾರೋ ಬ್ಯಾಕ್‌ಗ್ರೌಂಡ್ ಮೇಲೆ ಡಬಲ್ ಕ್ಲಿಕ್ ಮಾಡಿ ಅದನ್ನು ‘ಲೇಯರ್ 0’ ಮಾಡಿದ್ದರೆ, ಆ್ಯಕ್ಷನ್ ಹುಡುಕುವ ಹೆಸರು ಅಲ್ಲಿರುವುದಿಲ್ಲ. ಓಡಿಸುವ ಮೊದಲು ಲೇಯರ್ ಮೆನುವಿನ ಫ್ಲ್ಯಾಟನ್ ಇಮೇಜ್ ಒತ್ತಿ ನೋಡಿ. ಅರ್ಧದಷ್ಟು ದೂರುಗಳು ಇಷ್ಟಕ್ಕೇ ತೀರುತ್ತವೆ.

ಆಮೇಲೂ ನಿಂತರೆ ತೊಡಕು ನಡುವಿನ ಹೆಜ್ಜೆಯಲ್ಲಿದೆ. ಬ್ಯಾಕ್‌ಗ್ರೌಂಡನ್ನು ಪ್ಯಾನೆಲ್‌ನ ಕೆಳಗಿನ ಪ್ಲಸ್ ಗುರುತಿಗೆ ಎಳೆದು ನಕಲು ಮಾಡಿದರೆ ಹೆಸರು ‘ಬ್ಯಾಕ್‌ಗ್ರೌಂಡ್ ಕಾಪಿ’, ಕಂಟ್ರೋಲ್-ಜೆ ಒತ್ತಿದರೆ ‘ಲೇಯರ್ 1’. ಲೇಯರ್ ಪ್ಯಾನೆಲ್‌ನ ಆಯ್ಕೆಗಳಲ್ಲಿ ನಕಲಿಗೆ ‘ಕಾಪಿ’ ಸೇರಿಸುವ ಗುರುತನ್ನು ತೆಗೆದಿಟ್ಟಿದ್ದರೆ ಹೆಸರು ಮತ್ತೂ ಬೇರೆ. ಸ್ನೇಹಿತರ ಕಂಪ್ಯೂಟರಿಗೂ ನಿಮ್ಮದಕ್ಕೂ ಇರುವ ವ್ಯತ್ಯಾಸ ಇದೇ ಇರಬಹುದು.

ಆ್ಯಕ್ಷನ್ಸ್ ಪ್ಯಾನೆಲ್ ಆಲ್ಟ್-ಎಫ್9 ಒತ್ತಿದರೆ ತೆರೆಯುತ್ತದೆ. ಅದರ ಮೆನುವಿನಲ್ಲಿ ಪ್ಲೇಬ್ಯಾಕ್ ಆಪ್ಷನ್ಸ್‌ಗೆ ಹೋಗಿ ‘ಸ್ಟೆಪ್ ಬೈ ಸ್ಟೆಪ್’ ಆರಿಸಿ ಓಡಿಸಿದರೆ ಯಾವ ಹೆಜ್ಜೆಯಲ್ಲಿ ಎಡವುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ. ಆ ಹೆಜ್ಜೆಯ ಹಿಂದಿನ ಸಾಲನ್ನು ಆರಿಸಿ ರೆಕಾರ್ಡ್ ಒತ್ತಿ, ಮೌಸ್ ಮುಟ್ಟದೆ ಕೀಲಿಯಿಂದ ಲೇಯರ್ ಬದಲಿಸಿ: ಆಲ್ಟ್ ಜೊತೆ ಚೌಕ ಆವರಣದ ಕೀಲಿಗಳು ಒಂದು ಲೇಯರ್ ಕೆಳಗೆ, ಮೇಲೆ ಹೋಗುತ್ತವೆ, ಆಲ್ಟ್-ಅಲ್ಪವಿರಾಮ ತಳದ ಲೇಯರಿಗೆ, ಆಲ್ಟ್-ಚುಕ್ಕೆ ತುದಿಯ ಲೇಯರಿಗೆ. ಹೀಗೆ ಮಾಡಿದರೆ ಹೆಸರು ದಾಖಲಾಗುವುದಿಲ್ಲ, ಸ್ಥಾನವಷ್ಟೇ ದಾಖಲಾಗುತ್ತದೆ. ಸ್ಟಾಪ್ ಒತ್ತಿ, ಹಳೆಯ ಹೆಜ್ಜೆಯ ಎಡಗಡೆಯ ಟಿಕ್ ತೆಗೆಯಿರಿ. ತಕ್ಷಣ ಡಿಲೀಟ್ ಮಾಡಬೇಡಿ, ಒಮ್ಮೆ ಓಡಿಸಿ ನೋಡಿ ಆಮೇಲೆ ಅಳಿಸಿ.

ನೀವೇ ಹೊಸದಾಗಿ ರೆಕಾರ್ಡ್ ಮಾಡುವಾಗ ಲೇಯರ್ ನಕಲು ಮಾಡಿದ ಕೂಡಲೇ ಅದಕ್ಕೆ ಬೇರೆಲ್ಲೂ ಬಾರದ ಒಂದು ಹೆಸರಿಟ್ಟುಬಿಡಿ. ಹೆಸರಿಡುವುದೂ ಒಂದು ಹೆಜ್ಜೆಯಾಗಿ ದಾಖಲಾಗುವುದರಿಂದ ಮುಂದೆ ಎಲ್ಲಿ ಕ್ಲಿಕ್ ಮಾಡಿದರೂ ತಪ್ಪುವುದಿಲ್ಲ. ಮೊದಲ ಹೆಜ್ಜೆಯಾಗಿ ಹಿಸ್ಟರಿ ಪ್ಯಾನೆಲ್‌ನಲ್ಲಿ (ಮಾಡಿದ ಹೆಜ್ಜೆಗಳ ಪಟ್ಟಿ) ಒಂದು ಸ್ನ್ಯಾಪ್‌ಶಾಟ್ ತೆಗೆದಿಡುವುದೂ ಒಳ್ಳೆಯದು. ಆ್ಯಕ್ಷನ್‌ನ ಒಂದೊಂದು ಹೆಜ್ಜೆಯೂ ಹಿಸ್ಟರಿಯಲ್ಲಿ ಒಂದೊಂದು ಸಾಲು ತಿನ್ನುತ್ತದೆ. 60 ಹೆಜ್ಜೆಯ ಆ್ಯಕ್ಷನ್ ಓಡಿದ ಮೇಲೆ 50 ಸಾಲಿನ ಹಿಸ್ಟರಿಯಲ್ಲಿ ಮೂಲ ಫೋಟೋಗೆ ಹಿಂತಿರುಗುವ ದಾರಿ ಉಳಿದಿರುವುದಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆಯಿತು. ಮತ್ತೆ ತೆರೆದರೆ ಬೆಳಿಗ್ಗೆಯಿಂದ ಕೂತು ಮಾಡಿದ ಆ್ಯಕ್ಷನ್‌ಗಳೇ ಇಲ್ಲ. ಬ್ಯಾಚ್‌ಗೆ ಹಾಕಿದ್ದ ಫೋಟೋಗಳೂ ಅರ್ಧ ಆಗಿವೆ, ಅರ್ಧ ಇಲ್ಲ. (ಹೊಸನಗರ)

ಹೊಸ ಆ್ಯಕ್ಷನ್‌ಗಳನ್ನು ಫೋಟೋಶಾಪ್ ಡಿಸ್ಕಿಗೆ ಬರೆಯುವುದು ಅದನ್ನು ಸರಿಯಾಗಿ ಮುಚ್ಚಿದಾಗ. ಏಕಾಏಕಿ ಆಫ್ ಆದರೆ ಆವತ್ತು ಮಾಡಿದ್ದೆಲ್ಲ ಹೋಯಿತು, ಅದನ್ನು ವಾಪಸ್ ತರಲು ದಾರಿಯಿಲ್ಲ. ಒಂದು ಆ್ಯಕ್ಷನ್ ಮುಗಿದ ಕೂಡಲೇ ಪ್ಯಾನೆಲ್ ಮೆನುವಿನ ‘ಸೇವ್ ಆ್ಯಕ್ಷನ್ಸ್’ ಒತ್ತಿ ಎಟಿಎನ್ ಫೈಲ್ ಮಾಡಿಡಿ. ಆ ಸಾಲು ಮಂಕಾಗಿ ಕಂಡರೆ ನೀವು ಆರಿಸಿರುವುದು ಒಂಟಿ ಆ್ಯಕ್ಷನ್ ಎಂದರ್ಥ. ಅದು ಇರುವ ಸೆಟ್ಟನ್ನು, ಅಂದರೆ ಫೋಲ್ಡರ್ ಗುರುತಿರುವ ಸಾಲನ್ನು ಆರಿಸಿದರೆ ಮಾತ್ರ ಸೇವ್ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಯುಪಿಎಸ್ ಇದ್ದರೂ ಈ ಅಭ್ಯಾಸ ಬಿಡಬಾರದು.

ಹಲವು ಫೋಟೋಗಳ ಮೇಲೆ ಒಂದೇ ಆ್ಯಕ್ಷನ್ ಓಡಿಸುವ ಬ್ಯಾಚ್ ಇರುವುದು ಫೈಲ್, ಆಟೊಮೇಟ್, ಬ್ಯಾಚ್ ಎಂಬಲ್ಲಿ. ಡೆಸ್ಟಿನೇಶನ್ ಯಾವಾಗಲೂ ಬೇರೆ ಫೋಲ್ಡರೇ ಆಗಿರಲಿ. ಮೂಲದ ಮೇಲೆಯೇ ಸೇವ್ ಮಾಡುವ ಆಯ್ಕೆಯಿದ್ದಾಗ ಕರೆಂಟ್ ಹೋದರೆ ಬರೆಯುತ್ತಿದ್ದ ಫೈಲೇ ಹಾಳಾಗಬಹುದು. ಕೆಳಗೆ ಎರರ್ಸ್ ಎಂಬಲ್ಲಿ ‘ಲಾಗ್ ಎರರ್ಸ್ ಟು ಫೈಲ್’ ಆರಿಸಿದರೆ ಒಂದು ಫೋಟೋದ ತೊಂದರೆಗೆ ಇಡೀ ಸಾಲು ನಿಲ್ಲುವುದಿಲ್ಲ. ‘ಓವರ್‌ರೈಡ್ ಆ್ಯಕ್ಷನ್ ಸೇವ್ ಆ್ಯಸ್ ಕಮಾಂಡ್ಸ್’ ಎಂಬ ಗುರುತನ್ನು ಹಲವರು ತಪ್ಪಾಗಿ ತಿಳಿಯುತ್ತಾರೆ. ಅದನ್ನು ಹಾಕಿದರೆ ಆ್ಯಕ್ಷನ್‌ನ ಒಳಗೆ ಸೇವ್ ಆ್ಯಸ್ ಹೆಜ್ಜೆ ಇರಲೇಬೇಕು. ಜೆಪೆಗ್ ಗುಣಮಟ್ಟವನ್ನು ಅದು ಅಲ್ಲಿಂದ ತೆಗೆದುಕೊಳ್ಳುತ್ತದೆ, ಹೆಸರು ಮತ್ತು ಫೋಲ್ಡರನ್ನು ಬ್ಯಾಚ್‌ನಿಂದ. ಆ ಹೆಜ್ಜೆಯೇ ಇಲ್ಲದಿದ್ದರೆ ಫೋಟೋಗಳೆಲ್ಲ ತೆರೆದು ಮುಚ್ಚುತ್ತವೆ, ಒಂದೂ ಸೇವ್ ಆಗಿರುವುದಿಲ್ಲ. 2021ರ ನಂತರದ ಆವೃತ್ತಿಗಳಲ್ಲಿ ಲೇಯರ್ ಇರುವ ಫೈಲಿಗೆ ಸೇವ್ ಆ್ಯಸ್‌ನಲ್ಲಿ ಜೆಪೆಗ್ ಸಾಮಾನ್ಯವಾಗಿ ಕಾಣುವುದಿಲ್ಲ, ಆದ್ದರಿಂದ ರೆಕಾರ್ಡ್ ಮಾಡುವಾಗ ಮೊದಲು ಫ್ಲ್ಯಾಟನ್ ಮಾಡಿ ಆಮೇಲೆ ಸೇವ್ ಆ್ಯಸ್ ಮಾಡಿ.

ಸಾವಿರ ಫೋಟೋಗಳನ್ನು ಒಟ್ಟಿಗೆ ಹಾಕಬೇಡಿ. 100ರಿಂದ 150ರ ಕಟ್ಟು ಮಾಡಿ, ಮುಗಿದ ಕಟ್ಟಿನ ಫೋಲ್ಡರಿಗೆ ‘ಆಯಿತು’ ಎಂದು ಹೆಸರು ಬದಲಿಸಿ. ಬರೀ ಗಾತ್ರ ಇಳಿಸಿ ಒಂದು ಆ್ಯಕ್ಷನ್ ಓಡಿಸುವುದಿದ್ದರೆ ಬ್ಯಾಚ್ ಬಿಟ್ಟು ಸ್ಕ್ರಿಪ್ಟ್ಸ್ ಅಡಿಯ ಇಮೇಜ್ ಪ್ರೊಸೆಸರ್ ಬಳಸಿ. ಅದಕ್ಕೆ ಸೇವ್ ಹೆಜ್ಜೆ ಬೇಕಿಲ್ಲ. ಗುಣಮಟ್ಟ 10 ಸಾಕು. 12 ಇಟ್ಟರೆ ಫೈಲ್ ಭಾರವಾಗುತ್ತದೆಯೇ ಹೊರತು ಪ್ರಿಂಟ್‌ನಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ.

ಪ್ರಶ್ನೆ: ಕೊಂಡುಕೊಂಡ ಪ್ರಿಸೆಟ್ ಹಾಕಿದರೆ ಅಡಿಕೆ ತೋಟ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅರಿಶಿನ ಶಾಸ್ತ್ರದ ಫೋಟೋದಲ್ಲಿ ಮುಖಗಳೆಲ್ಲ ಕಿತ್ತಳೆ. ಹಣ ದಂಡವೇ? (ಸಾಗರ)

ದಂಡವೇನೂ ಆಗಿಲ್ಲ, ಬಿಚ್ಚಿ ಸರಿಮಾಡಬಹುದು. ನೀವು ವಿವರಿಸಿದ ನೋಟ ‘ಟೀಲ್ ಅಂಡ್ ಆರೆಂಜ್’ ಜಾತಿಯದು. ನೆರಳನ್ನು ನೀಲಿ-ಹಸಿರಿಗೂ ಚರ್ಮವನ್ನು ಕಿತ್ತಳೆಗೂ ದೂಡಿ, ನಡುವೆ ಬರುವ ಹಸಿರನ್ನು ಅಡಗಿಸುವುದೇ ಅದರ ತಂತ್ರ. ಹಸಿರು ಕಡಿಮೆಯಿರುವ ಊರಿನ ಫೋಟೋಗೆ ಅದು ಒಪ್ಪಬಹುದು. ನಾಲ್ಕೂ ಕಡೆ ಹಸಿರೇ ಇರುವ ನಮ್ಮ ಕಡೆಯ ಫೋಟೋದಲ್ಲಿ ಹಸಿರನ್ನು ತೆಗೆದರೆ ಫೋಟೋದಲ್ಲಿ ಉಳಿಯುವುದೇನು?

ಪ್ರಿಸೆಟ್ ಹಾಕಿದ ಮೇಲೆ ಮೊದಲು ಕ್ಯಾಲಿಬ್ರೇಶನ್ ಪ್ಯಾನೆಲ್ ತೆರೆಯಿರಿ. ಅಲ್ಲಿ ಬ್ಲೂ ಪ್ರೈಮರಿಯ ಹ್ಯೂ (ಬಣ್ಣದ ಛಾಯೆ) ಮೈನಸ್ 100ರ ಹತ್ತಿರ ಇದ್ದರೆ ಎಲ್ಲ ಬಣ್ಣಗಳನ್ನೂ ತಿರುಚುತ್ತಿರುವುದು ಅದೇ. ಅದನ್ನು ಮೈನಸ್ 30ರ ಆಸುಪಾಸಿಗೆ ತನ್ನಿ. ಆಮೇಲೆ ಕಲರ್ ಮಿಕ್ಸರ್‌ನಲ್ಲಿ ಗ್ರೀನ್ ಸ್ಯಾಚುರೇಶನ್ (ಬಣ್ಣದ ಗಾಢತೆ) ಮೈನಸ್ 60 ಇದ್ದರೆ ಮೈನಸ್ 15ಕ್ಕೆ ಏರಿಸಿ. ಇಷ್ಟಾದರೂ ತೋಟ ಸರಿಯಾಗದಿದ್ದರೆ ಕಾರಣ ಯೆಲ್ಲೋ ಸಾಲಿನಲ್ಲಿದೆ. ಬಿಸಿಲು ಬಿದ್ದ ಅಡಿಕೆ ಸೋಗೆ, ಗದ್ದೆಯ ಎಳೆ ಪೈರು ಕಣ್ಣಿಗೆ ಹಸಿರು ಕಂಡರೂ ಸಾಫ್ಟ್‌ವೇರ್ ಅವನ್ನು ಬಹುಮಟ್ಟಿಗೆ ಹಳದಿ ಎಂದೇ ಎಣಿಸುತ್ತದೆ. ಪ್ರಿಸೆಟ್ ಯೆಲ್ಲೋ ಹ್ಯೂವನ್ನು ಕಿತ್ತಳೆ ಕಡೆ ಎಳೆದಿದ್ದರೆ ತೋಟ ಒಣಗಿದಂತೆ ಕಾಣುತ್ತದೆ. ಅದನ್ನು ಸೊನ್ನೆಗೆ ತಂದು ನೋಡಿ.

ಇಲ್ಲಿ ಇನ್ನೊಂದು ಸಿಕ್ಕು ಎದುರಾಗುತ್ತದೆ. ಅರಿಶಿನವೂ ಇದೇ ಯೆಲ್ಲೋ ಸಾಲಿಗೆ ಸೇರಿದ್ದು. ತೋಟಕ್ಕೆಂದು ಹಳದಿ ಏರಿಸಿದರೆ ಮದುಮಗಳ ಕೆನ್ನೆಯ ಅರಿಶಿನ ಉಕ್ಕಿ, ವಿವರವೆಲ್ಲ ಅಳಿಸಿ, ಬಣ್ಣ ಬಳಿದಂತೆ ಕಾಣುತ್ತದೆ. ಎರಡಕ್ಕೂ ಒಂದೇ ಪ್ರಿಸೆಟ್ ಸಾಧ್ಯವಿಲ್ಲ, ಎರಡು ಮಾಡಿ. ತೋಟದ್ದರಲ್ಲಿ ಹಳದಿ ಹಾಗೇ ಇರಲಿ. ಅರಿಶಿನ ಶಾಸ್ತ್ರದ್ದರಲ್ಲಿ ಯೆಲ್ಲೋ ಸ್ಯಾಚುರೇಶನ್ ಮೈನಸ್ 12ರಿಂದ 18, ಆರೆಂಜ್ ಸ್ಯಾಚುರೇಶನ್ ಮೈನಸ್ 8, ಆರೆಂಜ್ ಲ್ಯೂಮಿನನ್ಸ್ (ಬಣ್ಣದ ಹೊಳಪು) ಪ್ಲಸ್ 5ರಿಂದ ಶುರುಮಾಡಿ. ಲ್ಯೂಮಿನನ್ಸ್ ಇದಕ್ಕಿಂತ ಹೆಚ್ಚಿಸಿದರೆ ನಮ್ಮವರ ಚರ್ಮ ಬೂದಿ ಬಳಿದಂತಾಗುತ್ತದೆ. ಬೆಳ್ಳಗೆ ಮಾಡಿಕೊಡಿ ಎಂದು ಗಿರಾಕಿ ಕೇಳಿದರೂ ಅದನ್ನು ಮಾಡಬೇಡಿ ಎಂಬುದು ನಮ್ಮ ಕಳಕಳಿಯ ಮಾತು.

ಸರಿಯೆನಿಸಿದ ಮೇಲೆ ಹೊಸ ಹೆಸರಿನಲ್ಲಿ ಸೇವ್ ಮಾಡಿ. ಸೇವ್ ಮಾಡುವ ಕಿಟಕಿಯಲ್ಲಿ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್, ಮಾಸ್ಕ್ ಇವುಗಳ ಟಿಕ್ ತೆಗೆಯಿರಿ. ಮಧ್ಯಾಹ್ನ ಚಪ್ಪರದ ಕೆಳಗೆ ಸರಿಯಾದ ಕೆಲ್ವಿನ್ ಬೆಲೆ (ವೈಟ್ ಬ್ಯಾಲೆನ್ಸಿನ ಅಂಕಿ) ಸಂಜೆ ಬಲ್ಬಿನ ಬೆಳಕಿಗೆ ಹೊಂದುವುದಿಲ್ಲ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸಿದ್ದು) ಆ ಬೆಲೆ 5200 ಎಂಬಂತಿರುತ್ತದೆ, ಜೆಪೆಗ್‌ನಲ್ಲಿ ಮೈನಸ್ 100ರಿಂದ ಪ್ಲಸ್ 100ರ ಅಳತೆ. ಹಾಗಾಗಿ ಎರಡಕ್ಕೂ ಒಂದೇ ಪ್ರಿಸೆಟ್‌ನಲ್ಲಿ ಅದನ್ನು ಸೇರಿಸುವುದು ಸರಿಯಲ್ಲ. 2022ರಲ್ಲಿ ಬಂದ ಅಮೌಂಟ್ ಸ್ಲೈಡರ್ ಪ್ರಿಸೆಟ್‌ನ ಪ್ರಮಾಣ ತಗ್ಗಿಸುತ್ತದೆ ನಿಜ, ಆದರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಸಮನೆ ತಗ್ಗಿಸುತ್ತದೆ. ಸರಿಮಾಡಿದ ಪ್ರಿಸೆಟ್‌ಗೆ ಅದು ಉಪಯೋಗ, ಹಾಳು ಪ್ರಿಸೆಟ್‌ಗೆ ಅದು ಮದ್ದಲ್ಲ.

ಪ್ರಶ್ನೆ: ಕುಂದಾದ್ರಿಯ ಮೇಲೆ ಬೆಳಗಿನ ಮಂಜಿನ ಫೋಟೋ ತೆಗೆದು ಆಟೊ ಒತ್ತಿದರೆ ಮಂಜೇ ಮಾಯ. (ಆಗುಂಬೆ)

ಮಂಜಿನ ಫೋಟೋದಲ್ಲಿ ಗಾಢ ಕಪ್ಪೂ ಇರುವುದಿಲ್ಲ, ಅಚ್ಚ ಬಿಳಿಯೂ ಇರುವುದಿಲ್ಲ. ಆಟೊ ಅದನ್ನು ದೋಷವೆಂದು ತಿಳಿದು ಬ್ಲ್ಯಾಕ್ಸ್ ಇಳಿಸಿ ವೈಟ್ಸ್ ಏರಿಸುತ್ತದೆ. ಲ್ಯಾಂಡ್‌ಸ್ಕೇಪ್ ಪ್ರಿಸೆಟ್‌ಗಳಲ್ಲಿ ಡಿಹೇಜ್ ಪ್ಲಸ್ 20ರಿಂದ 30 ಇರುವುದೂ ಸಾಮಾನ್ಯ, ಅದರ ಕೆಲಸವೇ ಮಂಜು ತೆಗೆಯುವುದು. ಡಿಹೇಜ್ ಸೊನ್ನೆಗೆ ತನ್ನಿ, ಬ್ಲ್ಯಾಕ್ಸ್ ಪ್ಲಸ್ 10 ಮಾಡಿ, ಎಕ್ಸ್‌ಪೋಶರ್ ಪ್ಲಸ್ 0.3ರಿಂದ 0.7 ಕೊಡಿ, ಏಕೆಂದರೆ ಕ್ಯಾಮೆರಾದ ಮೀಟರ್ ಬಿಳಿ ಮಂಜನ್ನು ಬೂದು ಮಾಡಿರುತ್ತದೆ. ಎದುರಿನ ಬಂಡೆಗೆ ಮಾತ್ರ ಲೀನಿಯರ್ ಗ್ರೇಡಿಯೆಂಟ್ ಎಳೆದು ಕ್ಲ್ಯಾರಿಟಿ ಪ್ಲಸ್ 15 ಕೊಟ್ಟರೆ ಹಿಂದಿನ ಮಂಜು ಇನ್ನೂ ಆಳವಾಗಿ ಕಾಣುತ್ತದೆ. ಒಂದೇ ಸ್ಲೈಡರಿಗೆ ಆಟೊ ಬೇಕಿದ್ದರೆ ಶಿಫ್ಟ್ ಒತ್ತಿ ಆ ಸ್ಲೈಡರಿನ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ.

ಪ್ರಶ್ನೆ: ಮಂಡಿಯಲ್ಲಿ ಅಡಿಕೆ ಮಾದರಿಯ ಫೋಟೋ ತೆಗೆದು ಹೊರಗಿನ ಖರೀದಿದಾರರಿಗೆ ಕಳಿಸುತ್ತೇವೆ. ಒಂದೊಂದು ಸಲ ಒಂದೊಂದು ಬಣ್ಣ ಬರುತ್ತದೆ. ಇದಕ್ಕೂ ಪ್ರಿಸೆಟ್ ಇದೆಯೇ? (ಶಿವಮೊಗ್ಗ)

ಇದೆ, ಆದರೆ ಮದುವೆ ಫೋಟೋದ ನಿಯಮಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಚೆಂದ ಬೇಡ, ಸತ್ಯ ಬೇಕು. ಅಡಿಕೆಯ ದರ್ಜೆ ರಾಶಿಯೋ ಬೆಟ್ಟೆಯೋ ಗೊರಬಲೋ ಎಂದು ನೋಡುವವರು ಬಣ್ಣ ಹಿಡಿದು ಬೆಲೆ ಕಟ್ಟುತ್ತಾರೆ. ಮೊದಲು ಬೆಳಕನ್ನು ಸ್ಥಿರ ಮಾಡಿ. ಒಂದೇ ಜಾಗ, ಒಂದೇ ದೀಪ, ಕಿಟಕಿ ಮುಚ್ಚಿರಲಿ. ಹಗಲು ಬೆಳಕೂ ಟ್ಯೂಬ್‌ಲೈಟೂ ಬೆರೆತರೆ ಯಾವ ಪ್ರಿಸೆಟ್‌ನಿಂದಲೂ ಸರಿಪಡಿಸಲಾಗದು. ಮಾದರಿಯನ್ನು ನೀಲಿ ಟಾರ್ಪಾಲಿನ ಮೇಲೆ ಹರಡಬೇಡಿ. ಅದರ ನೀಲಿ ಅಡಿಕೆಯ ಬುಡಕ್ಕೆ ಬಡಿದು ಕೆಂಪನ್ನು ಮಂಕು ಮಾಡುತ್ತದೆ. ಬೂದು ಬಣ್ಣದ ಹಲಗೆ ಅಥವಾ ಬಣ್ಣ ಹಾಕದ ಗೋಣಿ ಆಗಬಹುದು.

ಫೋಟೋ ಅಂಗಡಿಯಲ್ಲಿ ಸಿಗುವ 18 ಶೇಕಡಾ ಗ್ರೇ ಕಾರ್ಡ್ ಒಂದನ್ನು ಮಾದರಿಯ ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆದುಕೊಳ್ಳಿ. ಬಿಳಿ ಕಾಗದ ಬೇಡ, ಕಾಗದಕ್ಕೆ ಸೇರಿಸಿದ ಹೊಳಪಿನ ರಾಸಾಯನಿಕದಿಂದ ಅದು ನೀಲಿಗೆ ವಾಲುತ್ತದೆ, ಅದನ್ನು ನಂಬಿ ಸರಿಪಡಿಸಿದರೆ ಅಡಿಕೆ ಹಳದಿಗೆ ತಿರುಗುತ್ತದೆ. ಲೈಟ್‌ರೂಮ್‌ನಲ್ಲಿ ವೈಟ್ ಬ್ಯಾಲೆನ್ಸಿನ ಡ್ರಾಪರ್‌ನಿಂದ ಕಾರ್ಡಿನ ಮೇಲೆ ಕ್ಲಿಕ್ ಮಾಡಿ, ವೈಬ್ರನ್ಸ್ ಮತ್ತು ಸ್ಯಾಚುರೇಶನ್ ಸೊನ್ನೆ ಇಟ್ಟು, ವೈಟ್ ಬ್ಯಾಲೆನ್ಸ್ ಸೇರಿಸಿಯೇ ಪ್ರಿಸೆಟ್ ಸೇವ್ ಮಾಡಿ. ಅದೇ ಜಾಗದ, ಅದೇ ದೀಪದ, ಅದೇ ಕ್ಯಾಮೆರಾದ ಫೋಟೋಗಳಿಗಷ್ಟೇ ಅದು ಹೊಂದುತ್ತದೆ. ಬಲ್ಬ್ ಬದಲಿಸಿದ ದಿನ ಹೊಸ ಪ್ರಿಸೆಟ್ ಮಾಡಬೇಕು. ಮೊಬೈಲಿನಲ್ಲಿ ತೆಗೆಯುವುದಾದರೆ ದೃಶ್ಯ ಗುರುತಿಸಿ ಬಣ್ಣ ಏರಿಸುವ ಆಯ್ಕೆಯನ್ನು ಆಫ್ ಮಾಡಿ. ಕಳಿಸುವಾಗ ಎಸ್‌ಆರ್‌ಜಿಬಿ ಬಣ್ಣದ ಪ್ರೊಫೈಲ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ.

ಪ್ರಶ್ನೆ: ಹಳೆಯ ಕ್ಯಾಮೆರಾಕ್ಕೆ ಮಾಡಿದ್ದ ಶಾರ್ಪ್ ಆ್ಯಕ್ಷನ್ ಹೊಸ 24 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋಟೋಗೆ ತಾಗುವುದೇ ಇಲ್ಲ. ಸ್ಟುಡಿಯೋ ಲೋಗೋ ಸಹ ಉದ್ದ ಫೋಟೋದಲ್ಲಿ ಹೊರಗೆ ಹೋಗುತ್ತದೆ, ಕನ್ನಡ ಹೆಸರಿನ ಒತ್ತಕ್ಷರ ಒಡೆಯುತ್ತದೆ. (ಭದ್ರಾವತಿ)

ಶಾರ್ಪ್ ಮಾಡಲು ಬಳಸುವ ಹೈ ಪಾಸ್ ಫಿಲ್ಟರಿನ ರೇಡಿಯಸ್ ಎಂಬುದು ಪಿಕ್ಸೆಲ್ ಲೆಕ್ಕ. 4288 ಪಿಕ್ಸೆಲ್ ಅಗಲದ ಫೋಟೋಗೆ ಹೈ ಪಾಸ್ 2 ಇಟ್ಟಿದ್ದರೆ 6000 ಅಗಲದ್ದಕ್ಕೆ ಅಷ್ಟೇ ಪರಿಣಾಮಕ್ಕೆ 2.8 ಬೇಕು. ಪ್ರತಿ ಕ್ಯಾಮೆರಾಕ್ಕೊಂದು ಆ್ಯಕ್ಷನ್ ಮಾಡುವ ಬದಲು ಮೊದಲು ಗಾತ್ರ ಇಳಿಸಿ, ಕೊನೆಗೆ ಶಾರ್ಪ್ ಮಾಡಿ. ಮೊಬೈಲಿಗೆ ಕಳಿಸುವ ಫೋಟೋಗೆ ಆಟೊಮೇಟ್ ಅಡಿಯ ಫಿಟ್ ಇಮೇಜ್‌ನಲ್ಲಿ ಅಗಲ, ಎತ್ತರ ಎರಡಕ್ಕೂ 1600 ಕೊಡಿ. ಅಡ್ಡವೋ ಉದ್ದವೋ ಎಂದು ಅದೇ ನೋಡಿಕೊಳ್ಳುತ್ತದೆ. ಆಮೇಲೆ ಹೈ ಪಾಸ್ 0.8 ಸಾಕು. 12×18 ಇಂಚಿನ ಪ್ರಿಂಟ್‌ಗೆ, ಅಂದರೆ 300 ರೆಸಲ್ಯೂಶನ್‌ನಲ್ಲಿ 3600×5400 ಪಿಕ್ಸೆಲ್, ಸುಮಾರು 2 ಇಡಿ.

ಲೋಗೋವನ್ನು ಎಳೆದು ಇಡುವುದನ್ನು ರೆಕಾರ್ಡ್ ಮಾಡಿದರೆ ಇಷ್ಟು ದೂರ ಸರಿಸು ಎಂಬ ಲೆಕ್ಕವಷ್ಟೇ ಉಳಿಯುತ್ತದೆ. ಗಾತ್ರ ಇಳಿಸಿದ ಮೇಲೆ ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ ಟಿಕ್ ತೆಗೆದು ರೆಸಲ್ಯೂಶನ್ 300 ಮಾಡಿ, 300ರಲ್ಲೇ ಮಾಡಿಟ್ಟ ಪಿಎನ್‌ಜಿ ಲೋಗೋವನ್ನು ಪ್ಲೇಸ್ ಎಂಬೆಡೆಡ್ ಮಾಡಿ. ಎರಡರ ರೆಸಲ್ಯೂಶನ್ ಬೇರೆಯಾದರೆ ಲೋಗೋ ದೊಡ್ಡದೋ ಚಿಕ್ಕದೋ ಆಗಿ ಬೀಳುತ್ತದೆ. ನಂತರ ಕಂಟ್ರೋಲ್-ಎ, ಲೇಯರ್ ಮೆನುವಿನ ಅಲೈನ್ ಲೇಯರ್ಸ್ ಟು ಸೆಲೆಕ್ಷನ್‌ನಲ್ಲಿ ಬಲ ಅಂಚು, ಕೆಳ ಅಂಚು, ಕಂಟ್ರೋಲ್-ಡಿ. ಕೊನೆಗೆ ಮೂವ್ ಟೂಲ್ ಹಿಡಿದು ಶಿಫ್ಟ್ ಜೊತೆ ಎಡ ಬಾಣ 4 ಸಲ, ಮೇಲಿನ ಬಾಣ 4 ಸಲ ಒತ್ತಿದರೆ ಅಂಚಿನಿಂದ 40 ಪಿಕ್ಸೆಲ್ ಒಳಗೆ ಕೂರುತ್ತದೆ. ಲೋಗೋ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಬೇಡಿ, ಆ್ಯಕ್ಷನ್ ಅದರ ಪೂರ್ತಿ ವಿಳಾಸ ಬರೆದುಕೊಂಡಿರುತ್ತದೆ.

ಒತ್ತಕ್ಷರಕ್ಕೆ ಪ್ರಿಫರೆನ್ಸಸ್, ಟೈಪ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಇದ್ದರೆ ಅದನ್ನು ಆರಿಸಿ. ಹಳೆಯ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ‘ಮಿಡ್ಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್’ ಎಂದಿರುತ್ತದೆ. ಯೂನಿಕೋಡ್ ಅಕ್ಷರವೇ ಇರಲಿ. ನುಡಿ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಕೋಡ್; ಆ ಫಾಂಟ್ ಇಲ್ಲದ ಲ್ಯಾಬಿನ ಕಂಪ್ಯೂಟರಿನಲ್ಲಿ ನಿಮ್ಮ ಸ್ಟುಡಿಯೋ ಹೆಸರು ಗೋಜಲಾಗುತ್ತದೆ. ಅಕ್ಷರವನ್ನು ಒಮ್ಮೆ ಪಿಎನ್‌ಜಿ ಮಾಡಿಟ್ಟರೆ ಈ ಯಾವ ತಾಪತ್ರಯವೂ ಇಲ್ಲ.

ಪ್ರಶ್ನೆ: ಚರ್ಮ ನಯ ಮಾಡುವ ಆ್ಯಕ್ಷನ್ ಒಂದು ಮುಖಕ್ಕೆ ಸರಿಯಾದರೆ ಇನ್ನೊಂದಕ್ಕೆ ಮೇಣದ ಬೊಂಬೆ ಮಾಡುತ್ತದೆ. (ಕೊಪ್ಪ)

ಮುಖ ಎಷ್ಟು ದೊಡ್ಡದಾಗಿ ಬಂದಿದೆ ಎಂಬುದು ಆ್ಯಕ್ಷನ್‌ಗೆ ಗೊತ್ತಿಲ್ಲ. ಬಣ್ಣ ಮತ್ತು ವಿವರವನ್ನು ಬೇರ್ಪಡಿಸುವ ಫ್ರೀಕ್ವೆನ್ಸಿ ಸೆಪರೇಶನ್ ರೀತಿಯನ್ನು ನೀವೇ ರೆಕಾರ್ಡ್ ಮಾಡಿಕೊಳ್ಳಿ. ಕಂಟ್ರೋಲ್-ಜೆ ಎರಡು ಸಲ ಒತ್ತಿ, ಕೆಳಗಿನದಕ್ಕೆ ‘ಬಣ್ಣ’, ಮೇಲಿನದಕ್ಕೆ ‘ವಿವರ’ ಎಂದು ಹೆಸರಿಡಿ. ‘ವಿವರ’ವನ್ನು ಮರೆಮಾಡಿ ‘ಬಣ್ಣ’ಕ್ಕೆ ಗಾಸಿಯನ್ ಬ್ಲರ್ ಕೊಡಿ. ‘ವಿವರ’ವನ್ನು ಮತ್ತೆ ತೋರಿಸಿ ಅದನ್ನು ಆರಿಸಿ ಇಮೇಜ್ ಮೆನುವಿನ ಅಪ್ಲೈ ಇಮೇಜ್‌ಗೆ ಹೋಗಿ: ಲೇಯರ್ ‘ಬಣ್ಣ’, ಬ್ಲೆಂಡಿಂಗ್ ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128. ಕೊನೆಗೆ ‘ವಿವರ’ದ ಬ್ಲೆಂಡ್ ಮೋಡ್ ಲೀನಿಯರ್ ಲೈಟ್. ಈಗ ಫೋಟೋ ಮೂಲದಂತೆಯೇ ಕಾಣಬೇಕು, ಇಲ್ಲದಿದ್ದರೆ ಎಲ್ಲೋ ತಪ್ಪಿದೆ. ಈ ಅಂಕಿಗಳು 8 ಬಿಟ್ ಫೈಲಿಗೆ. 16 ಬಿಟ್‌ಗೆ ಬ್ಲೆಂಡಿಂಗ್ ಆ್ಯಡ್, ಇನ್ವರ್ಟ್ ಟಿಕ್, ಸ್ಕೇಲ್ 2, ಆಫ್‌ಸೆಟ್ 0. ಎರಡು ಪ್ರತ್ಯೇಕ ಆ್ಯಕ್ಷನ್ ಮಾಡಿ, ಹೆಸರಿನಲ್ಲೇ ಬಿಟ್ ಬರೆದಿಡಿ.

ಮುಖ್ಯ ಕೆಲಸ ಇನ್ನು ಮೇಲೆ. ಆ್ಯಕ್ಷನ್ ಪಟ್ಟಿಯಲ್ಲಿ ಗಾಸಿಯನ್ ಬ್ಲರ್ ಸಾಲಿನ ಎಡಕ್ಕೆ, ಟಿಕ್ ಪಕ್ಕದಲ್ಲಿರುವ ಖಾಲಿ ಚೌಕವನ್ನು ಒತ್ತಿ. ಇನ್ನು ಪ್ರತಿ ಸಲ ಅಲ್ಲಿ ನಿಂತು ರೇಡಿಯಸ್ ಕೇಳುತ್ತದೆ, ಉಳಿದದ್ದೆಲ್ಲ ತಾನೇ ಓಡುತ್ತದೆ. ಮೊಡವೆ, ರಂಧ್ರಗಳು ಕರಗಿ ಮೂಗು-ಕೆನ್ನೆಯ ಆಕಾರ ಉಳಿಯುವಲ್ಲಿ ನಿಲ್ಲಿಸಿ: 24 ಮೆಗಾಪಿಕ್ಸೆಲ್‌ನ ಎದೆಮಟ್ಟದ ಫೋಟೋಗೆ 8ರಿಂದ 12, ಪೂರ್ಣ ನಿಂತ ಜೋಡಿಗೆ 3ರಿಂದ 5 ಸಾಮಾನ್ಯವಾಗಿ ಹಿಡಿಸುತ್ತದೆ. ಕಲೆ ತೆಗೆಯುವುದನ್ನು ಆ್ಯಕ್ಷನ್‌ಗೆ ಸೇರಿಸಬೇಡಿ. ‘ವಿವರ’ ಲೇಯರಿನಲ್ಲಿ ಹೀಲಿಂಗ್ ಬ್ರಷ್‌ನ ಸ್ಯಾಂಪಲ್ ‘ಕರೆಂಟ್ ಲೇಯರ್’ ಇಟ್ಟು ಕೈಯಿಂದಲೇ ಮಾಡಿ. ‘ಬಣ್ಣ’ ಲೇಯರಿನಲ್ಲಿ ಲ್ಯಾಸೊದಿಂದ ಕೆನ್ನೆಯನ್ನಷ್ಟೇ ಆರಿಸಿ ಸ್ವಲ್ಪ ಬ್ಲರ್ ಕೊಡುವಾಗ ಕುಂಕುಮ, ಮೂಗುಬೊಟ್ಟು, ತುಟಿಯ ಅಂಚು ಆಯ್ಕೆಯೊಳಗೆ ಬರದಂತೆ ನೋಡಿಕೊಳ್ಳಿ. ಬಂದರೆ ಕೆಂಪು ಸುತ್ತಲೂ ಹರಡುತ್ತದೆ, ಆಲ್ಬಂ ಪ್ರಿಂಟ್‌ನಲ್ಲಿ ಅದು ಮೊದಲು ಕಣ್ಣಿಗೆ ಬೀಳುತ್ತದೆ.

ಪ್ರಶ್ನೆ: ವಿದ್ಯಾರ್ಥಿ. ಚಂದಾ ಕಟ್ಟಲು ಹಣವಿಲ್ಲ. ಉಚಿತವಾಗಿ ಇದೆಲ್ಲ ಸಾಧ್ಯವೇ? (ಸೊರಬ)

ಬಹಳಷ್ಟು ಸಾಧ್ಯ. ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಆ್ಯಕ್ಷನ್‌ನಂತೆ ರೆಕಾರ್ಡ್ ಮಾಡುವ ಗುಂಡಿಯಿಲ್ಲ, ಆದ್ದರಿಂದ ಒಂದೇ ನೋಟವನ್ನು ಹಲವು ಫೋಟೋಗಳಿಗೆ ಹಚ್ಚಲು ಅಷ್ಟೇ ಉಚಿತವಾದ ಡಾರ್ಕ್‌ಟೇಬಲ್ ಹಿಡಿಯಿರಿ. ಒಂದು ಫೋಟೋ ಸರಿಮಾಡಿ, ಸ್ಟೈಲ್ ಆಗಿ ಉಳಿಸುವಾಗ ಬೇಕಾದ ಮಾಡ್ಯೂಲ್‌ಗಳಿಗೆ ಮಾತ್ರ ಟಿಕ್ ಹಾಕಿ. ಅದರ ಲೈಟ್‌ಟೇಬಲ್ ಪರದೆಯಲ್ಲಿ ಉಳಿದ ಫೋಟೋಗಳನ್ನು ಆರಿಸಿ ಸ್ಟೈಲ್ ಹಚ್ಚುವ ಮುನ್ನ ಮೋಡ್ ‘ಅಪೆಂಡ್’ ಇದೆಯೇ ನೋಡಿ. ‘ಓವರ್‌ರೈಟ್’ ಇದ್ದರೆ ಆ ಫೋಟೋಗಳಿಗೆ ಮೊದಲೇ ಮಾಡಿದ್ದ ತಿದ್ದುಪಡಿಯೆಲ್ಲ ಅಳಿಸುತ್ತದೆ. ಲೈಟ್‌ರೂಮ್‌ನ ಪ್ರಿಸೆಟ್ ತಂದು ಹಾಕಿದರೆ ಅದೇ ನೋಟ ಬರುವುದಿಲ್ಲ. ಮೊಬೈಲ್ ಮಾತ್ರ ಇದ್ದರೆ ಸ್ನ್ಯಾಪ್‌ಸೀಡ್‌ನಲ್ಲಿ ನಿಮ್ಮ ತಿದ್ದುಪಡಿಗಳನ್ನು ಲುಕ್ ಆಗಿ ಉಳಿಸಿಕೊಂಡು ಮುಂದಿನ ಫೋಟೋಗೆ ಒಂದೇ ಒತ್ತಿಗೆ ಹಾಕಬಹುದು.